ಕೊನೆಯವಳು ಗೆರೆ ಮುಟ್ಟುವ ಮುನ್ನ

2019ರ ಜೂನ್. ಅಡ್ಮಿಷನ್ ಗಲಾಟೆ ಇನ್ನೂ ಮುಗಿದಿರಲಿಲ್ಲ. ಮೈದಾನದ ಮೂಲೆಯಲ್ಲಿದ್ದ ನನ್ನ ಕೋಣೆಗೆ ಒಬ್ಬ ತಾಯಿ ಬಂದರು. ಕೋಣೆ ಅಂದರೆ ಚೆಂಡು, ನೆಟ್ಟು, ಸುಣ್ಣದ ಡಬ್ಬಿಗಳ ನಡುವೆ ಒಂದು ಕುರ್ಚಿ ಹಾಕಿಕೊಂಡ ಉಗ್ರಾಣ, ಅಷ್ಟೆ. ಅವರ ಕೈಯಲ್ಲಿ ಮಡಿಸಿದ ಕಾಗದವಿತ್ತು.

“ಸರ್, ನನ್ನ ಮಗಳು ಎಂಟನೇ ಕ್ಲಾಸು, ಬಿ ಸೆಕ್ಷನ್. ಅವಳಿಗೆ ಪಿ.ಟಿ.ಯಿಂದ ವಿನಾಯ್ತಿ ಬೇಕಿತ್ತು. ಡಾಕ್ಟರ್ ಸರ್ಟಿಫಿಕೇಟ್ ತಂದಿದ್ದೀನಿ.”

ಶಾಲೆ ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ. ಆ ಮಗು ಮೈದಾನಕ್ಕೆ ಇನ್ನೂ ಕಾಲೇ ಇಟ್ಟಿರಲಿಲ್ಲ.

“ಏನಮ್ಮ ತೊಂದರೆ ಮಗೂಗೆ?”

“ತೊಂದರೆ ಅಂತೇನಿಲ್ಲ ಸರ್. ಸ್ವಲ್ಪ ಮೈ ಬಂದಿದೆ. ಓಡೋಕಾಗಲ್ಲ.” ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಹೇಳಿದರು: “ನಿಮಗೆ ಗುರುತು ಸಿಗಲಿಲ್ಲ ಅನ್ಸತ್ತೆ. ನಾನೂ ಇಲ್ಲೇ ಓದಿದ್ದು ಸರ್. ತೊಂಬತ್ತೇಳರಲ್ಲಿ ಒಂಬತ್ತನೇ ಕ್ಲಾಸು. ಹೊಂಗೆ ಮರದ ಕೆಳಗೆ ಕೂತಿರ್ತಿದ್ನಲ್ಲ.”

ಹೆಸರು ನೆನಪಾಗಲಿಲ್ಲ. ಮರ ನೆನಪಾಯಿತು.

ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ 1993ರಿಂದ ಮೂವತ್ತು ವರ್ಷ ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ನನ್ನ ಆಟ ಖೋ-ಖೋ. ವಲಯ ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ ಎನ್ನುವ ಮೆಟ್ಟಿಲುಗಳಲ್ಲೇ ನನ್ನ ವರ್ಷ ಹತ್ತಿ ಇಳಿಯುತ್ತಿತ್ತು. ಮಳೆಗಾಲ ಬಂತೆಂದರೆ ತಂಡ ಆರಿಸುವುದು, ದಸರಾ ಹೊತ್ತಿಗೆ ಷೀಲ್ಡು ತರುವುದು. ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರು ತುಂಬಿತು. ಹೊಸಬರು ಬಂದರೆ ಮೊದಲು ಆ ಬೀರು ತೋರಿಸಿ ಆಮೇಲೆ ನನ್ನನ್ನು ತೋರಿಸುತ್ತಿದ್ದರು. ಒಳ್ಳೆಯ ಮೇಷ್ಟ್ರು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಅಂದುಕೊಂಡಿದ್ದೆ.

1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಕರ್ನಾಟಕಕ್ಕೆ ಬಂದಿತ್ತು. ಬೆಂಗಳೂರಿನ ಜೊತೆಗೆ ಮೈಸೂರಿನಲ್ಲೂ ಕೆಲವು ಸ್ಪರ್ಧೆಗಳು ನಡೆದಿದ್ದವು. ಊರಿಗೇ ಆಟದ ಜ್ವರ. ಹುಡುಗರೆಲ್ಲ ಜಾವಗಲ್ ಶ್ರೀನಾಥ್ ಆಗಲು ಹೊರಟವರು. ನಮ್ಮೂರಿನವನೇ ಇಂಡಿಯಾಕ್ಕೆ ಬೌಲಿಂಗ್ ಮಾಡುತ್ತಿರುವಾಗ ಇವರನ್ನು ಹಿಡಿಯುವವರು ಯಾರು? ಆ ಹುಮ್ಮಸ್ಸಿನಲ್ಲಿ ನಾನೂ ಇದ್ದೆ. ಎಲ್ಲ ಮಕ್ಕಳಿಗೂ 600 ಮೀಟರ್ ಓಟದ ಪರೀಕ್ಷೆ ಇಟ್ಟೆ. ಮೈದಾನದ ಸುತ್ತ ಸುಣ್ಣದ ಗೆರೆ, ಮೂರು ಸುತ್ತು, ಕೈಯಲ್ಲಿ ಹೊಸ ಸ್ಟಾಪ್‌ವಾಚು.

ಒಂಬತ್ತನೇ ಕ್ಲಾಸಿನ ಹುಡುಗಿಯರು ಓಡಿದರು. ಉಳಿದವರೆಲ್ಲ ಮುಗಿಸಿ, ನಲ್ಲಿಯಲ್ಲಿ ನೀರು ಕುಡಿದು ಬಂದು ಸಾಲಾಗಿ ನಿಂತರೂ ಒಬ್ಬಳಿಗೆ ಇನ್ನೂ ಅರ್ಧ ಸುತ್ತು ಬಾಕಿ. ದುಪಟ್ಟಾ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದಳು, ಇನ್ನೊಂದು ಕೈ ಪಕ್ಕೆಯ ಮೇಲೆ. ಯಾರೋ ಚಪ್ಪಾಳೆ ಶುರುಮಾಡಿದರು. ಅದು ಯಾವ ಬಗೆಯ ಚಪ್ಪಾಳೆ ಎಂದು ನನಗೆ ಗೊತ್ತಾಗದೇ ಇರಲಿಲ್ಲ. ತಡೆಯಬಹುದಿತ್ತು. ತಡೆಯುವ ಬದಲು, “ಅಂಬಾರಿ ಬರ್ತಿದೆ, ದಾರಿ ಬಿಡ್ರಮ್ಮ” ಅಂದೆ. ಇಡೀ ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಜೋಕಿಗೆ ಮಕ್ಕಳು ಹೀಗೆ ನಕ್ಕರಲ್ಲ ಅಂತ ನನಗೆ ಖುಷಿಯೂ ಆಯಿತು.

ಅಷ್ಟರಲ್ಲಿ ಬೆಲ್ ಹೊಡೆಯಿತು. ಅವಳು ಗೆರೆ ಮುಟ್ಟುವ ಮೊದಲೇ ವಾಚು ನಿಲ್ಲಿಸಿ ಜೇಬಿಗೆ ಹಾಕಿಕೊಂಡೆ. ರಿಜಿಸ್ಟರಿನಲ್ಲಿ ಉಳಿದವರ ಹೆಸರಿನ ಮುಂದೆ ನಿಮಿಷ, ಸೆಕೆಂಡು. ಅವಳ ಹೆಸರಿನ ಮುಂದೆ ಒಂದು ಅಡ್ಡಗೆರೆ. ಅವಳು ಓಟ ಮುಗಿಸಿದಳೋ ಇಲ್ಲವೋ, ನಾನು ತಿರುಗಿ ನೋಡಲಿಲ್ಲ.

ಮುಂದಿನ ವಾರ ಸರ್ಟಿಫಿಕೇಟ್ ಬಂತು. ಉಸಿರಾಟದ ತೊಂದರೆ, ಶ್ರಮದ ಕೆಲಸ ಕೂಡದು ಎಂದು ಬರೆದಿತ್ತು. ಕಾಗದ ಔಷಧಿ ಕಂಪನಿಯವರು ಹಂಚುವ ಪ್ಯಾಡಿನದು, ಮೂಲೆಯಲ್ಲಿ ಕೆಮ್ಮಿನ ಸಿರಪ್ಪಿನ ಬಾಟಲಿಯ ಚಿತ್ರ. ಅಕ್ಷರ ದುಂಡಗೆ, ಸಾಲು ನೆಟ್ಟಗೆ, ಕಾಪಿ ಪುಸ್ತಕದಲ್ಲಿ ತಿದ್ದಿದ ಹಾಗೆ. ಯಾವ ಡಾಕ್ಟರ ಕೈಯಿಂದಲೂ ಅಂಥ ಅಕ್ಷರ ಬರುವುದಿಲ್ಲ. ಅದು ಸುಳ್ಳು ಎಂದು ಓದುತ್ತಲೇ ಗೊತ್ತಾಯಿತು.

ನಾನು ಒಪ್ಪಿಕೊಳ್ಳಬೇಕಾದ ತಪ್ಪು ಇರುವುದು ಇಲ್ಲಿ. ಜೋಕು ಒಂದು ನಿಮಿಷದ ಕೆಟ್ಟ ಬುದ್ಧಿ. ಸುಳ್ಳು ಎಂದು ಗೊತ್ತಿದ್ದೂ ಆ ಕಾಗದವನ್ನು ತುಟಿಪಿಟಕ್ಕೆನ್ನದೆ ಫೈಲಿಗೆ ಸೇರಿಸಿದ್ದು ಲೆಕ್ಕಾಚಾರ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬಳು ಮರದ ಕೆಳಗೆ ಕೂತರೆ ನನಗೆ ಒಂದು ತಲೆ ಕಡಿಮೆ. ಹದಿನಾಲ್ಕು ವರ್ಷದ ಹುಡುಗಿ ಆಟ ತಪ್ಪಿಸಿಕೊಳ್ಳಲು ಕಾಯಿಲೆಯನ್ನೇ ಬರೆದುಕೊಂಡು ಬಂದಿದ್ದಾಳೆ ಎಂದರೆ ಕಾಯಿಲೆ ಎಲ್ಲಿದೆ ಎಂದು ಕೇಳಬೇಕಾದವನು ನಾನೇ. ಕೇಳಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅವಳು ಆ ಹೊಂಗೆ ಮರದ ಕಲ್ಲುಬೆಂಚಿನಲ್ಲಿ ಕೂತಳು. ವರ್ಷ ಹೋದ ಹಾಗೆ ಬೆಂಚಿಗೆ ಜನ ಸೇರಿದರು. ದಪ್ಪ ಇದ್ದವರು, ತೀರಾ ಸಣಕಲು, ಕನ್ನಡಕದವರು, ಹೊಟ್ಟೆನೋವು ಎಂದು ತಗ್ಗಿದ ದನಿಯಲ್ಲಿ ಹೇಳಿ ಬಂದವರು. ನಾನು ಹಾಜರಿ ಹಾಕಿ ನನ್ನ ಖೋ-ಖೋ ತಂಡದ ಕಡೆಗೆ ಹೋಗುತ್ತಿದ್ದೆ.

ಆ ತಾಯಿ ನನ್ನ ಎದುರು ನಿಂತಾಗ ಇಷ್ಟೂ ಒಟ್ಟಿಗೆ ಬಂತು. ಕಾಗದ ಬಿಚ್ಚಿ ನೋಡಿದೆ. ಓದಲು ಬಾರದಂಥ ಅಕ್ಷರ, ಕೆಳಗೆ ಸೀಲು.

“ಈ ಸಲದ್ದು ನಿಜವಾದ ಡಾಕ್ಟರೇ ಬರೆದಿದ್ದು ಸರ್” ಅಂದರು. ನಕ್ಕರು. ನನಗೆ ನಗು ಬರಲಿಲ್ಲ.

“ದೀಪಾವಳಿವರೆಗೆ ಈ ಕಾಗದ ನನ್ನ ಹತ್ತಿರ ಇರಲಿ. ಅಲ್ಲಿವರೆಗೂ ಮಗು ಕ್ಲಾಸಿಗೆ ಬರಲಿ. ಆಮೇಲೂ ಬೇಡ ಅಂದರೆ ಸಹಿ ಹಾಕಿ ಕೊಡ್ತೀನಮ್ಮ.”

“ಎಲ್ಲರೆದುರಿಗೆ ಓಡಿಸಲ್ಲ ತಾನೆ ಸರ್?”

ಇಪ್ಪತ್ತೆರಡು ವರ್ಷದ ಹಿಂದೆ ನಾನು ಆಡಿದ ಒಂದು ಮಾತು ಇನ್ನೂ ಮೈದಾನ ನೋಡದ ಮಗುವಿನ ತನಕ ಬಂದು ನಿಂತಿತ್ತು.

ಮನೆಗೆ ಹೋಗಿ ಲೆಕ್ಕ ಹಾಕಿದೆ. ನಮ್ಮ ಶಾಲೆಯಲ್ಲಿ ಒಂದು ಸೆಕ್ಷನ್‌ಗೆ ವಾರಕ್ಕೆ ಎರಡು ಪೀರಿಯಡ್, ನಲವತ್ತು ನಲವತ್ತು ನಿಮಿಷ. ಮಹಡಿಯಿಂದ ಇಳಿದು, ಸಾಲು ನಿಂತು, ಹಾಜರಿ ಮುಗಿಯುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಮಿಕ್ಕಿದ್ದರಲ್ಲಿ ನನ್ನ ಪ್ರೀತಿಯ ಖೋ-ಖೋ. ಅಂಕಣದಲ್ಲಿ ಎಂಟು ಮಂದಿ ಕೂತಿರುತ್ತಾರೆ, ಒಬ್ಬರು ಅಟ್ಟಿಸುತ್ತಾರೆ, ಮೂವರು ತಪ್ಪಿಸಿಕೊಳ್ಳುತ್ತಾರೆ. ಅಂದರೆ ಯಾವ ಗಳಿಗೆಯಲ್ಲಿ ನೋಡಿದರೂ ಓಡುತ್ತಿರುವವರು ನಾಲ್ಕು ಜನ. ಮಿಕ್ಕ ಐವತ್ತಾರು ಮಕ್ಕಳು ಕೂತವರು ಇಲ್ಲವೇ ನಿಂತವರು. ಹುಡುಗರ ಕ್ರಿಕೆಟ್ಟಿನಲ್ಲಿ ಇನ್ನೂ ಅನ್ಯಾಯ. ಬ್ಯಾಟು ತಂದವನು ಬ್ಯಾಟ್ ಮಾಡುತ್ತಾನೆ, ಉಳಿದವರು ಫೀಲ್ಡಿಂಗ್ ಹೆಸರಿನಲ್ಲಿ ಬಿಸಿಲು ಕಾಯುತ್ತಾರೆ. ಇದನ್ನು ನಾನು ಇಪ್ಪತ್ತಾರು ವರ್ಷ ದೈಹಿಕ ಶಿಕ್ಷಣ ಎಂದು ಕರೆದಿದ್ದೆ.

ಇನ್ನೊಂದಿದೆ. ನಮ್ಮಪ್ಪ ಗರಡಿಯಲ್ಲಿ ಸಾಮು ಮಾಡಿದವರು. ಚಿಕ್ಕಂದಿನಲ್ಲಿ ಅವರ ಜೊತೆ ಹೋಗಿ ಕೆಮ್ಮಣ್ಣಿನ ಮಟ್ಟಿಯಲ್ಲಿ ಹೊರಳಾಡಿದ್ದೇನೆ. ಅಲ್ಲಿ ದಸರಾ ಕುಸ್ತಿಗೆ ಇಳಿಯುವ ಪೈಲ್ವಾನರು ಬೆರಳೆಣಿಕೆಯಷ್ಟು. ಮಿಕ್ಕವರು ಅಂಗಡಿ ಇಟ್ಟವರು, ಟಾಂಗಾ ಹೊಡೆಯುವವರು, ಗುಮಾಸ್ತರು. ಯಾವ ಕುಸ್ತಿಯನ್ನೂ ಗೆಲ್ಲುವ ಆಸೆಯಿಲ್ಲದೆ ಬೆಳಗಾಗೆದ್ದು ಬಂದು ಬಸ್ಕಿ ಹೊಡೆದು ಬೆವರು ಒರೆಸಿಕೊಂಡು ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ ಆ ಬಾಗಿಲು ಮುಚ್ಚಿತ್ತು, ಅದನ್ನು ಹೇಳದೆ ಹೋದರೆ ಸುಳ್ಳಾಗುತ್ತದೆ. ಆದರೆ ಒಳಗೆ ಬಂದವನನ್ನು ನೋಡುತ್ತಾ ಕೂರಲು ಬಿಡುತ್ತಿರಲಿಲ್ಲ. ಅದೇ ಬಸ್ಕಿಯನ್ನು ನಾನು ಶಾಲೆಗೆ ತಂದು ಏನು ಮಾಡಿದೆ? ಕಿವಿ ಹಿಡಿಸಿ ಹೊಡೆಸುವ ಶಿಕ್ಷೆ ಮಾಡಿದೆ. ತಡವಾಗಿ ಬಂದರೆ ಬಸ್ಕಿ, ಮಾತಾಡಿದರೆ ಮೈದಾನಕ್ಕೆ ಐದು ರೌಂಡು. ಓಟವನ್ನು ದಂಡವಾಗಿ ಕೊಟ್ಟು, ಮಕ್ಕಳಿಗೆ ಓಡುವುದರಲ್ಲಿ ಆಸಕ್ತಿಯೇ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಗೊಣಗುತ್ತಿದ್ದೆ.

ಶನಿವಾರದ ಬಿಳಿ ಯೂನಿಫಾರಂ ಡ್ರಿಲ್ಲೂ ಅಷ್ಟೆ. ಮೈಕಿನಲ್ಲಿ ಒಂದ್, ಎರಡ್, ಮೂರ್, ನಾಲ್ಕ್. ಇಡೀ ಶಾಲೆ ಒಂದೇ ಲಯಕ್ಕೆ ಕೈ ಎತ್ತಬೇಕು. ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆ ಶುರುಮಾಡಿದ ಊರು ಇದು. ಗೋಕುಲಂ ಬೀದಿಗಳಲ್ಲಿ ಚಾಪೆ ಸುತ್ತಿಕೊಂಡು ಓಡಾಡುವ ವಿದೇಶಿಯರು ಕಲಿಯಲು ಬರುವ ಪದ್ಧತಿಗೆ ಜಗತ್ತಿನಲ್ಲೆಲ್ಲ ‘ಮೈಸೂರು ಸ್ಟೈಲ್’ ಎಂದೇ ಹೆಸರು. ಅದರ ಗುಟ್ಟು ಇಷ್ಟೆ: ಒಂದೇ ಕೋಣೆಯಲ್ಲಿ ಎಲ್ಲರೂ ಇರುತ್ತಾರೆ, ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕ ಹಾಗೆ, ತಾವು ಕಲಿತಷ್ಟನ್ನು ಮಾಡುತ್ತಾರೆ, ಗುರು ಸುತ್ತಾಡುತ್ತಾ ಒಬ್ಬೊಬ್ಬರ ಹತ್ತಿರ ನಿಂತು ತಿದ್ದುತ್ತಾರೆ. ನಮ್ಮೂರಿನ ಹೆಸರು ಹೊತ್ತ ಆ ಪಾಠ ನನ್ನ ಶಾಲೆಯ ಗೇಟಿನೊಳಗೆ ಬಂದಿರಲಿಲ್ಲ.

ಹಾಗಂತ ನಮ್ಮ ಕಷ್ಟ ಸುಳ್ಳಲ್ಲ. ನಮ್ಮನ್ನೂ ಉಳಿದ ಶಿಕ್ಷಕರಂತೆ ಕಾಣಬೇಕೆನ್ನುವ ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಟ್ಟಲೆ ಕೂಗಿದ್ದೇವೆ. ಉಳಿದ ಶಿಕ್ಷಕರ ಸಾಲಿನಲ್ಲಿ ನಮಗೆ ಜಾಗವಿಲ್ಲ ಎನ್ನುವ ಕೊರಗು ಇವತ್ತಿಗೂ ಇದೆ. ಆದರೆ ಡಿಸೆಂಬರ್ ಬಂದ ಮೇಲೆ ಹತ್ತನೇ ಕ್ಲಾಸಿನ ನನ್ನ ಪೀರಿಯಡ್ಡುಗಳನ್ನು ಗಣಿತದ ಮೇಷ್ಟ್ರು ಕೇಳುವ ಮೊದಲೇ ಬಿಟ್ಟುಕೊಡುತ್ತಿದ್ದವನು ಯಾರು? ನಾನೇ. ನನ್ನ ವಿಷಯಕ್ಕೆ ನಾನೇ ಕೊಡದ ಮರ್ಯಾದೆಯನ್ನು ಸರ್ಕಾರದ ಹತ್ತಿರ ಕೇಳುತ್ತಿದ್ದೆ.

ಜುಲೈನಲ್ಲಿ ಮಕ್ಕಳನ್ನೇ ಕೇಳೋಣ ಎಂದು ಹೊರಟೆ. ಅದರಲ್ಲೂ ಮೊದಲು ಎಡವಿದೆ. ಕ್ಲಾಸಿಗೆ ಹೋಗಿ, ಯಾರಿಗೆ ಯಾವ ಆಟ ಇಷ್ಟ, ಕೈ ಎತ್ತಿ ಅಂದೆ. ಹುಡುಗರು ಒಂದೇ ಉಸಿರಿಗೆ ಕ್ರಿಕೆಟ್. ಹುಡುಗಿಯರು ಮುಖ ಮುಖ ನೋಡಿಕೊಂಡು ಥ್ರೋಬಾಲ್. ಎಲ್ಲ ಮೊದಲೇ ಗೊತ್ತಿದ್ದದ್ದೇ ಎಂದು ಬೀಗುತ್ತಾ ಬಂದೆ. ವಿಜ್ಞಾನದ ಮೇಡಂ ಚಹಾ ಕುಡಿಯುತ್ತಾ ಹೇಳಿದರು: “ಕೈ ಎತ್ತಿಸಿದರೆ ಎಲ್ಲರೂ ಕ್ಲಾಸ್ ಲೀಡರ್ ಮುಖ ನೋಡ್ತಾರೆ ಸರ್. ಚೀಟಿ ಬರೆಸಿ. ಹೆಸರು ಹಾಕಿಸಬೇಡಿ.”

ಬರೆಸಿದೆ. ಯಾವ ಆಟ ಇಷ್ಟ, ಯಾವುದು ಬೇಡ, ಯಾಕೆ ಬೇಡ. ಮೂರೇ ಪ್ರಶ್ನೆ. ಮೊದಲ ಪ್ರಶ್ನೆಗೆ ಆಟದ ಹೆಸರುಗಳು ಬಂದವು: ಶಟಲ್, ಸೈಕಲ್, ಸ್ಕೇಟಿಂಗ್, ಈಜು, ಲಗೋರಿ. ಡಾನ್ಸು ಆಟ ಅಲ್ವಾ ಸರ್ ಎಂದು ಕೇಳಿದವರೂ ಇದ್ದರು. ನನ್ನನ್ನು ಕೂರಿಸಿ ಓದಿಸಿದ್ದು ಮೂರನೆಯದು.

“ಕ್ರಿಕೆಟ್ ಅಂತ ಎಲ್ಲರೂ ಬರೀತಾರೆ, ನನಗೆ ಬಾಲ್ ಕಂಡ್ರೆ ಭಯ.” ಇದು ಹುಡುಗರ ಕಟ್ಟಿನಲ್ಲಿತ್ತು. “ನಮಗೂ ಕ್ರಿಕೆಟ್ ಬೇಕು, ಗ್ರೌಂಡ್ ಪೂರ್ತಿ ಹುಡುಗರೇ ತಗೋತಾರೆ.” ಇದು ಹುಡುಗಿಯರದ್ದು. “ಟೀಮ್ ಆರಿಸುವಾಗ ಕೊನೇಲಿ ಉಳಿಯೋಕೆ ಇಷ್ಟ ಇಲ್ಲ.” “ಆ ದಿನಗಳಲ್ಲಿ ಓಡು ಅನ್ನಬೇಡಿ.” “ಬೆಳಿಗ್ಗೆ ನೀರು ಹೊತ್ತು, ಪಾತ್ರೆ ತಿಕ್ಕಿ ಬಂದಿರ್ತೀನಿ, ಸುಸ್ತಾಗಿರತ್ತೆ.” ಇವೆಲ್ಲಕ್ಕಿಂತ ಹೆಚ್ಚು ಚೀಟಿಗಳಲ್ಲಿ, ಬೇರೆ ಬೇರೆ ಮಾತುಗಳಲ್ಲಿ, ಒಂದೇ ಸಂಗತಿ: ಆಟ ಯಾವುದಾದರೂ ಆಗಲಿ, ಯಾರೂ ನೋಡಬಾರದು.

ಆ ವರ್ಷದ ನವೆಂಬರಿನಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 146 ದೇಶಗಳ ಲೆಕ್ಕ ತೆಗೆದಿದ್ದರು. ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯಾದರೂ ಮೈಬಗ್ಗಿಸುವ ಚಟುವಟಿಕೆ ಬೇಕು. 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿಗೆ ಅದು ಸಿಗುತ್ತಿಲ್ಲ, ಹುಡುಗಿಯರ ಸ್ಥಿತಿ ಹುಡುಗರಿಗಿಂತ ಕಡೆ. ಭಾರತ ಬೇರೆ ಎಷ್ಟೋ ದೇಶಗಳಿಗಿಂತ ವಾಸಿ ಎಂದಿತ್ತು. ಹೆಮ್ಮೆಪಡುವಷ್ಟರಲ್ಲಿ ಕಾರಣ ಕಣ್ಣಿಗೆ ಬಿತ್ತು. ಹುಡುಗರಿಗೆ ಬೀದಿ ಕ್ರಿಕೆಟ್ಟು. ಹುಡುಗಿಯರಿಗೆ, ಬಹುಶಃ, ಮನೆಗೆಲಸ. ನೀರು ಹೊತ್ತು ಬರುವ ಆ ಹುಡುಗಿಯ ಚೀಟಿ ನೆನಪಾಯಿತು. ಅವಳ ಬಿಂದಿಗೆ ಜಗತ್ತಿನ ಲೆಕ್ಕದಲ್ಲಿ ವ್ಯಾಯಾಮವಾಗಿ ಸೇರಿಹೋಗಿತ್ತು. ಅವಳಿಗೆ ಬೇಕಿದ್ದದ್ದು ಅದಲ್ಲದ ಒಂದು ಗಂಟೆ.

ಯಾರೂ ನೋಡದ ಆಟವನ್ನು ಎಲ್ಲಿಂದ ತರುವುದು? ನಮ್ಮ ಮೈದಾನಕ್ಕೆ ಮೂರು ಕಡೆ ಮನೆ, ಒಂದು ಕಡೆ ರಸ್ತೆ. ಬಹಳ ದಿನ ಯೋಚಿಸಿದ ಮೇಲೆ ಹೊಳೆದದ್ದು ತೀರಾ ಸರಳ. ಎಲ್ಲರೂ ಆಡುತ್ತಿದ್ದರೆ ನೋಡುವುದಕ್ಕೆ ಯಾರು ಉಳಿಯುತ್ತಾರೆ?

ಮೈದಾನವನ್ನು ನಾಲ್ಕು ಮೂಲೆ ಮಾಡಿದೆ. ಒಂದರಲ್ಲಿ ಸ್ಕಿಪ್ಪಿಂಗ್ ಹಗ್ಗ, ಒಂದರಲ್ಲಿ ಲಗೋರಿ, ಒಂದರಲ್ಲಿ ಟೆನಿಸ್ ಬಾಲಿನ ಪುಟ್ಟ ಕ್ರಿಕೆಟ್ಟು, ಎಲ್ಲರಿಗೂ ಆರಾರೇ ಎಸೆತ. ನಾಲ್ಕನೆಯದರಲ್ಲಿ ನೆಟ್ಟಿಲ್ಲದ ಶಟಲ್. ಮಕ್ಕಳು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿಕೊಂಡು ಗುಂಪಾಗುತ್ತಿದ್ದರು. ಕ್ಯಾಪ್ಟನ್ ಆರಿಸುವ ಪದ್ಧತಿ ಆವತ್ತಿಗೆ ನಿಂತಿತು. ಹತ್ತು ನಿಮಿಷಕ್ಕೊಮ್ಮೆ ಸೀಟಿ, ಮೂಲೆ ಬದಲು. ಶಿಕ್ಷೆಗೆ ಓಡಿಸುವುದನ್ನು ಬಿಟ್ಟೆ. ಹೊಟ್ಟೆನೋವು ಎಂದವರಿಗೆ ಚೌಕಾಬಾರದ ಮಣೆ ಮತ್ತು ಕವಡೆ, ಕಾರಣ ಕೇಳುತ್ತಿರಲಿಲ್ಲ. ದುಪಟ್ಟಾ ಬದಲು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬರಲು ಹೆಡ್‌ಮಾಸ್ಟರರ ಒಪ್ಪಿಗೆ ಪಡೆದೆ.

ಎಲ್ಲವೂ ಸರಿಹೋಯಿತು ಎಂದರೆ ನಂಬಬೇಡಿ. ಕ್ರಿಕೆಟ್ ಮೂಲೆ ಬಿಟ್ಟು ಕದಲದ ಹುಡುಗರ ಜೊತೆ ದಿನವೂ ಜಗಳ. ಹಗ್ಗಗಳು ಒಂದು ತಿಂಗಳಲ್ಲಿ ತುಂಡಾದವು. ಖೋ-ಖೋ ತಂಡಕ್ಕೆ ನನ್ನ ಸಮಯ ಸಾಲದೆ ಆ ವರ್ಷ ಷೀಲ್ಡು ಬರಲಿಲ್ಲ. ಏನ್ ಮೇಷ್ಟ್ರೇ, ವಯಸ್ಸಾಯ್ತಾ ಎಂದು ಕೇಳಿಸಿಕೊಂಡೆ. ಈಜು ಎಂದು ಬರೆದವರಿಗೆ ನಾನು ಏನೂ ಮಾಡಲಾಗಲಿಲ್ಲ. ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ, ನಿಜ. ಅಲ್ಲಿಗೆ ಹೋಗಿಬರುವ ಖರ್ಚು, ಸಮಯ ನಮ್ಮ ಮಕ್ಕಳ ಕೈಗೆಟುಕುವಂಥದ್ದಲ್ಲ.

ಆ ಮಗು ಮೊದಲೆರಡು ವಾರ ಮೂಲೆಯಿಂದ ಮೂಲೆಗೆ ಸುಮ್ಮನೆ ನಡೆಯಿತು. ಬಿಟ್ಟೆ. ಒಂದು ದಿನ ಹಗ್ಗ ಹಿಡಿದು ನಿಂತಿದ್ದಳು. ನಾನು ಬೇಕಂತಲೇ ಬೆನ್ನು ತಿರುಗಿಸಿ ಲಗೋರಿಯ ಕಲ್ಲು ಜೋಡಿಸುತ್ತಾ ಕೂತೆ. ಹಿಂದಿನಿಂದ ಹಗ್ಗ ನೆಲಕ್ಕೆ ಬಡಿಯುವ ಸದ್ದು. ಮೂರು, ನಿಂತಿತು. ನಾಲ್ಕು, ನಿಂತಿತು. ಏಳು. ತಿರುಗಿ ನೋಡಲಿಲ್ಲ. ಮೇಷ್ಟ್ರ ಕೆಲಸದಲ್ಲಿ ನೋಡದೆ ಇರುವುದೂ ಒಂದು ವಿದ್ಯೆ ಎಂದು ಐವತ್ತೈದು ದಾಟಿದ ಮೇಲೆ ಕಲಿತೆ.

ಖೇಲೋ ಇಂಡಿಯಾದ ಫಿಟ್‌ನೆಸ್ ಪರೀಕ್ಷೆಯಲ್ಲೂ ಅದೇ 600 ಮೀಟರ್ ಇದೆ. ಅದರ ಹೆಸರನ್ನು ಸರಿಯಾಗಿ ಓದಿದ್ದು ಆಗಲೇ: ಓಟ ಅಥವಾ ನಡಿಗೆ. ನಡೆಯಬಹುದು ಎಂದು ಬರೆದೇ ಇದೆ! ಜನವರಿಯಲ್ಲಿ ಪರೀಕ್ಷೆ ಮಾಡಿದಾಗ ಉಳಿದವರನ್ನು ಮೂಲೆಗಳಲ್ಲಿ ಆಡಲು ಬಿಟ್ಟು ಐದೈದು ಮಕ್ಕಳನ್ನು ಮಾತ್ರ ಗೆರೆಗೆ ಕರೆದೆ. ಸಮಯವನ್ನು ಕೂಗಿ ಹೇಳಲಿಲ್ಲ. ಅವರವರ ನೋಟ್‌ಬುಕ್ಕಿನಲ್ಲಿ ಅವರವರೇ ಬರೆದುಕೊಂಡರು. ಆ ಮಗು ಅರ್ಧ ಓಡಿ, ಅರ್ಧ ನಡೆದು, ಗೆರೆ ಮುಟ್ಟಿತು. ಮುಟ್ಟುವವರೆಗೂ ವಾಚು ಹಿಡಿದು ನಿಂತಿದ್ದೆ. ದೀಪಾವಳಿ ಕಳೆದು ಎರಡು ತಿಂಗಳು ಮೀರಿತ್ತು. ಸರ್ಟಿಫಿಕೇಟ್ ಕೇಳಿಕೊಂಡು ಯಾರೂ ಬಂದಿರಲಿಲ್ಲ.

ಮಾರ್ಚಿನಲ್ಲಿ ಕೋವಿಡ್ ಬಂತು, ಗೇಟು ಮುಚ್ಚಿತು. ಮಕ್ಕಳು ಮರಳಿ ಬಂದಾಗ ಮೈದಾನದ ತುಂಬ ಹುಲ್ಲು. ಎಲ್ಲರ ಉಸಿರೂ ಕಿರಿದಾಗಿತ್ತು, ಆಟದಲ್ಲಿ ಮುಂದಿದ್ದವರದ್ದೂ. ಅಲ್ಲಿಂದ ಮತ್ತೆ ಶುರು.

2023ರಲ್ಲಿ ನಿವೃತ್ತನಾದೆ. ಅದೇ ಡಿಸೆಂಬರಿನಲ್ಲಿ ಮೈಸೂರಿನ ಶುಭಾ ಸತೀಶ್ ಇಂಗ್ಲೆಂಡ್ ಎದುರು ತಮ್ಮ ಮೊದಲ ಟೆಸ್ಟಿನಲ್ಲೇ 69 ರನ್ ಹೊಡೆದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಹುಡುಗಿಯರು ಗೆದ್ದಾಗ ಆ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಟಿ.ವಿ. ಮುಂದೆ ಕೂತು ಮೊಮ್ಮಗನಿಗಿಂತ ಜೋರಾಗಿ ಕೂಗಿದವನು ನಾನು. ಅಂಥವರನ್ನು ಹುಡುಕಿ ಬೆಳೆಸುವ ಮೇಷ್ಟ್ರುಗಳು ಬೇಕೇ ಬೇಕು. ಆದರೆ ಸರ್ಕಾರ ನನಗೆ ಸಂಬಳ ಕೊಟ್ಟಿದ್ದು ತಂಡದ ಹನ್ನೆರಡು ಜನಕ್ಕಷ್ಟೇ ಅಲ್ಲ, ಹಾಜರಿ ಪುಸ್ತಕದಲ್ಲಿದ್ದ ಅಷ್ಟೂ ಹೆಸರಿಗೆ.

ಚಾರ್ಜು ಕೊಡುವ ದಿನ ನನ್ನ ಜಾಗಕ್ಕೆ ಬಂದ ಹುಡುಗನ ಎದುರು ಸಾಮಾನಿನ ಪಟ್ಟಿ ಓದಿದೆ. ಗುಂಡು ಎರಡು, ಚಕ್ರ ಒಂದು, ಥ್ರೋಬಾಲ್ ಮೂರು, ಹಗ್ಗ ಹದಿನೈದು. ಕೊನೆಗೆ ಸ್ಟಾಪ್‌ವಾಚು. “ಇದರ ಬಗ್ಗೆ ಏನಾದರೂ ಹೇಳೋದಿದೆಯಾ ಸರ್?” ಎಂದು ಕೇಳಿದ. ಸೆಲ್ ಬದಲಾಯಿಸಿದ್ದೀನಿ ಅಂದೆ. ಸಹಿ ಹಾಕುವ ಮುಂಚೆ ಮತ್ತೆ ಸೇರಿಸಿದೆ: “ಕೊನೆಯವರು ಬಂದು ಮುಟ್ಟೋವರೆಗೂ ನಿಲ್ಲಿಸಬೇಡಪ್ಪ. ಬೆಲ್ ಹೊಡೆದರೂ ಸರಿ.”